ಒಂದೇ ಡಬ್ಬಿಲಿ ಇಂಚು, ಮಿಲಿಮೀಟರ್ ಬೇಡ

ಸ್ಪರ್ಧೆಯ ಹಿಂದಿನ ರಾತ್ರಿ ನಮ್ಮ ರೋಬೋದ ಎಡಗಡೆ ಮೋಟಾರ್ ಕಳಚಿ ಬಿತ್ತು. ಕೋಡ್ ಸರಿ ಇತ್ತು, ಬ್ಯಾಟರಿ ಫುಲ್ ಇತ್ತು. ಕೈಕೊಟ್ಟಿದ್ದು ನಟ್ಟು.

ಬೋಲ್ಟ್ ಸೀನಿಯರ್ಸ್ ಬಿಟ್ಟುಹೋದ ಹಳೇ ಅಮೆರಿಕನ್ ಕಿಟ್‌ದು, ಸೈಜು 10-32. ಅಂದ್ರೆ 10ನೇ ನಂಬರು, ಇಂಚಿಗೆ 32 ಥ್ರೆಡ್. ನಟ್ಟು ನಾವು ಅಂಗಡಿಯಿಂದ ತಂದ ಎಂ5. ಎರಡೂ ಒಂದೇ ಡಬ್ಬಿಲಿ ಇದ್ವು, ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನ ಹಾಕಿದ್ವಿ.

ಲೆಕ್ಕ ಹಾಕಿ ನೋಡಿ. 25.4 ಮಿ.ಮೀ.ಯನ್ನ 32ರಿಂದ ಭಾಗಿಸಿದ್ರೆ ಪಿಚ್ 0.794 ಮಿ.ಮೀ. ಎಂ5ರ ಪಿಚ್ 0.8. ಹೆಚ್ಚುಕಮ್ಮಿ ಒಂದೇ. ಆದ್ರೆ 10-32ರ ವ್ಯಾಸ 4.83 ಮಿ.ಮೀ., ಎಂ5ರದ್ದು 5. ಹಾಗಾಗಿ ನಟ್ಟು ಬೆರಳಲ್ಲೇ ಸಲೀಸಾಗಿ ಹತ್ತುತ್ತೆ, ಥ್ರೆಡ್ ಮಾತ್ರ ಪೂರ್ತಿ ಹಿಡಿಯಲ್ಲ. ಜೋರಾಗಿ ಬಿಗಿ ಮಾಡಿದ್ರೆ ಸ್ಲಿಪ್. ಹತ್ತಲೇ ಇಲ್ಲ ಅಂದಿದ್ರೆ ನಮಗೆ ಆಗಲೇ ಗೊತ್ತಾಗ್ತಿತ್ತು.

ಆಲನ್ ಕೀದೂ ಇದೇ ಕಥೆ. ಎಂ3 ಸಾಕೆಟ್ ಹೆಡ್ ಬೋಲ್ಟ್‌ಗೆ 2.5 ಮಿ.ಮೀ. ಕೀ ಬೇಕು. ಅಮೆರಿಕನ್ 4-40ಕ್ಕೆ 3/32 ಇಂಚು, ಅಂದ್ರೆ 2.38 ಮಿ.ಮೀ. ಇದನ್ನ ಅದಕ್ಕೆ ಹಾಕಿ ತಿರುಗಿಸಿದ್ರೆ ಬೋಲ್ಟ್ ತಲೆ ಸವೆದು ಗುಂಡಗಾಗುತ್ತೆ. ಆಮೇಲೆ ಡ್ರಿಲ್ ಮಾಡಿ ತೆಗೀಬೇಕು.

"ಇರೋದನ್ನ ಯಾಕೆ ಬಿಸಾಡ್ತೀರಾ?" ಅಂತ ಸೀನಿಯರ್ಸ್ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆ ಕಿಟ್‌ನ ಅಲ್ಯೂಮಿನಿಯಂ ಭಾಗಗಳಲ್ಲಿ ಥ್ರೆಡ್ ಮೊದಲೇ 10-32ಗೆ ಕೊರೆದಿದೆ, ಅಲ್ಲಿ ಅದೇ ಬೋಲ್ಟ್ ಹಾಕ್ಬೇಕು. ಇಂಚು ನಮಗೇನು ವೈರಿ ಅಲ್ಲ, ಮನೆಯ ನಲ್ಲಿ ಪೈಪನ್ನ ನಾವು ಇವತ್ತಿಗೂ ಅರ್ಧ ಇಂಚು ಅಂತಾನೇ ಕೇಳ್ತೀವಿ. ಆದ್ರೆ ಹೊಸದಾಗಿ ಏನೇ ಡಿಸೈನ್ ಮಾಡಿದ್ರೂ ಮೆಟ್ರಿಕ್ಕೇ ಇರಲಿ ಅನ್ನೋದು ನಮ್ಮ ಅಭಿಪ್ರಾಯ. ನಾವು ಬಳಸೋ ನೇಮಾ 17 ಸ್ಟೆಪ್ಪರ್ ಮೋಟಾರಿನ ತೂತುಗಳು ಎಂ3, 608 ಬೇರಿಂಗ್‌ನ ಒಳವ್ಯಾಸ 8 ಮಿ.ಮೀ. ರಾತ್ರಿ ಎಂಟಕ್ಕೆ ಓಡಿಹೋಗಿ "ಅಣ್ಣಾ, ಎಂ5 ಬೋಲ್ಟ್ ಕೊಡಿ" ಅಂದ್ರೆ ಕಾಲೇಜಿನ ಎದುರಿನ ಅಂಗಡೀಲೇ ಸಿಗುತ್ತೆ. 10-32 ಬೇಕಂದ್ರೆ ಆನ್‌ಲೈನ್ ಆರ್ಡರ್ ಮಾಡಿ ಕಾಯ್ಬೇಕು.

ಹಳೇ ಕಿಟ್‌ನ ಬೋಲ್ಟ್, ನಟ್ಟು, ಆಲನ್ ಕೀ ಎಲ್ಲಾ ಒಂದು ಬೇರೆ ಡಬ್ಬಿಗೆ ಹೋಗಲಿ, ಅದಕ್ಕೆ ಕೆಂಪು ಬಣ್ಣ ಬಳಿಯೋಣ. ಯಾವುದೋ ಗೊತ್ತಿಲ್ಲದ ಬೋಲ್ಟ್ ಸಿಕ್ಕಿದ್ರೆ ಬರೀ ವರ್ನಿಯರ್ ನಂಬಬೇಡಿ, ಬೋಲ್ಟ್‌ಗಳು ಹೇಳಿದ ಸೈಜಿಗಿಂತ ಕೂದಲೆಳೆಯಷ್ಟು ಸಣ್ಣಗೇ ಇರ್ತವೆ. 10-32 ನಟ್ಟಿಗೆ ಹಾಕಿ ನೋಡಿ. ಎಂ5 ಆಗಿದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ಒತ್ತಾಯ ಮಾತ್ರ ಮಾಡ್ಬೇಡಿ.

ಆ ರಾತ್ರಿ ನಾವು ತೂತುಗಳನ್ನ ಸ್ವಲ್ಪ ದೊಡ್ಡದು ಮಾಡಿ, ನಾಲ್ಕೂ ಕಡೆ ಎಂ5 ಬೋಲ್ಟ್, ಎಂ5 ನಟ್ಟು ಹಾಕಿ, ಎರಡು ಗಂಟೆಗೆ ಹಾಸ್ಟೆಲ್ ಸೇರಿದ್ವಿ. ಮೋಟಾರ್ ಮತ್ತೆ ಬೀಳಲಿಲ್ಲ. ಮುಂದಿನ ವರ್ಷ ಜೂನಿಯರ್ಸ್ ಕೈ ಹಾಕೋದು ಇದೇ ಡಬ್ಬಿಗೆ. ಶನಿವಾರ ಕ್ಲಬ್ ರೂಮಿಗೆ ಬನ್ನಿ, ಕೂತು ವಿಂಗಡಿಸೋಣ.