ಜಪಾನಿನ ‘ನೆನಪಿನ ಗಲ್ಲಿ’ ಉಳಿಯಿತು, ಹಂಪಿ ಬಜಾರು ಹೋಯಿತು: ಫಾರ್ವರ್ಡ್‌ಗಳು ಹೇಳದ ಅರ್ಧ ಕಥೆ

ಕೆಂಪು ಕಾಗದದ ಲಾಟೀನುಗಳು ತೂಗುವ ಇಕ್ಕಟ್ಟಾದ ಗಲ್ಲಿ, ಕೆಂಡದ ಹೊಗೆ, ಏಳೆಂಟು ಜನ ಒತ್ತಿಕೊಂಡು ಕೂತ ಪುಟ್ಟ ಅಂಗಡಿ. ಅದರ ಪಕ್ಕಕ್ಕೆ ಹಂಪಿಯ ವಿರೂಪಾಕ್ಷ ಬಜಾರಿನ ಹಳೆಯ ಫೋಟೊ, ಕೆಳಗೊಂದು ಜೆಸಿಬಿ. ‘ಜಪಾನಿನವರು ಶತಮಾನಗಳ ಗಲ್ಲಿ ಉಳಿಸಿಕೊಂಡರು, ನಾವು ಯುನೆಸ್ಕೋ ಮಾತು ಕೇಳಿ ಕೃಷ್ಣದೇವರಾಯನ ಬಜಾರನ್ನೇ ಒಡೆದೆವು’ ಎಂಬ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಓದಿದರೆ ಹೊಟ್ಟೆ ಉರಿಯುತ್ತದೆ, ಬೆರಳು ಫಾರ್ವರ್ಡ್ ಬಟನ್ ಕಡೆ ಹೋಗುತ್ತದೆ. ಇದರಲ್ಲಿ ಮೂರು ಮಾತುಗಳಿವೆ. ಮೂರೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮೊದಲು ಜಪಾನ್. ಆ ಫೋಟೊಗಳಲ್ಲಿ ಹೆಚ್ಚಾಗಿ ಕಾಣುವುದು ಟೋಕಿಯೊ ನಗರದ ಶಿಂಜುಕು ರೈಲು ನಿಲ್ದಾಣದ ಪಕ್ಕದ ‘ಒಮೊಯಿದೆ ಯೊಕೊಚೊ’. ಯೊಕೊಚೊ ಎಂದರೆ ಅಡ್ಡಗಲ್ಲಿ, ಒಮೊಯಿದೆ ಎಂದರೆ ನೆನಪು. ಹೆಸರೇ ‘ನೆನಪಿನ ಗಲ್ಲಿ’ ಎಂದಿರುವುದರಿಂದ ಸಮುರಾಯಿಗಳ ಕಾಲದ್ದಿರಬೇಕು ಎಂದು ನಮಗೆ ಅನಿಸುತ್ತದೆ. ಅದು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ, 1940ರ ದಶಕದ ಕೊನೆಯಲ್ಲಿ. ಬಾಂಬ್ ದಾಳಿಗೆ ಸುಟ್ಟು ಬಯಲಾದ ಜಾಗದಲ್ಲಿ ಜನ ಹಲಗೆ ಹೊಡೆದುಕೊಂಡು ಅಂಗಡಿ ಇಟ್ಟರು. ಅದು ಕಾಳಸಂತೆ. ಗೋಧಿ ಹಿಟ್ಟಿಗೆ ಸರ್ಕಾರದ ನಿಯಂತ್ರಣವಿತ್ತು, ದನ-ಹಂದಿಗಳ ಕರುಳು, ಈಲಿಗೆ ಇರಲಿಲ್ಲ. ಹಾಗಾಗಿ ಅದನ್ನೇ ಕಡ್ಡಿಗೆ ಚುಚ್ಚಿ ಸುಟ್ಟು ಮಾರಿದರು. ಇವತ್ತು ಪ್ರವಾಸಿಗರು ಸಾಲು ನಿಂತು ತಿನ್ನುವ ಆ ‘ಸಾಂಪ್ರದಾಯಿಕ’ ತಿನಿಸು ಬಡತನದ ಅಡುಗೆ. ಶೌಚಾಲಯ ಇಲ್ಲದ ಕಾರಣ ಆ ಗಲ್ಲಿಗಿದ್ದ ಅಡ್ಡಹೆಸರನ್ನು ಸಭ್ಯವಾಗಿ ಹೇಳುವುದಾದರೆ ‘ಮೂತ್ರದ ಗಲ್ಲಿ’. 1999ರಲ್ಲಿ ಬೆಂಕಿ ಬಿದ್ದು ಒಂದಷ್ಟು ಅಂಗಡಿಗಳು ಸುಟ್ಟು, ಮತ್ತೆ ಕಟ್ಟಲಾಯಿತು.

ಟೋಕಿಯೊದ ಎಬಿಸು ಯೊಕೊಚೊ ಎಂಬುದಂತೂ ಹಳೆಯ ಮಾರುಕಟ್ಟೆಯೊಂದರೊಳಗೆ 2008ರಲ್ಲಿ ಶುರುವಾದದ್ದು. ಯೊಕೊಹಾಮಾದಲ್ಲಿ 1994ರಿಂದ ಇರುವ ರಾಮೆನ್ ಮ್ಯೂಸಿಯಂ 1958ರ ಬೀದಿಯೊಂದನ್ನು ಕಟ್ಟಡದೊಳಗೇ ಮರುಸೃಷ್ಟಿ ಮಾಡಿದೆ. ‘ಹಳೆಯದು’ ಎಂದು ಬರುವ ಎಷ್ಟೋ ಫೋಟೊಗಳು ಇಂಥ ಜಾಗದವು.

ಮುತ್ತು ರತ್ನದ ಬೀದಿಯೇ ಅದು?

ಈಗ ಹಂಪಿ. ವಿರೂಪಾಕ್ಷ ದೇವಸ್ಥಾನದ ಗೋಪುರದಿಂದ ಪೂರ್ವಕ್ಕೆ, ಮತಂಗ ಬೆಟ್ಟದ ಬುಡದಲ್ಲಿರುವ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ರಥಬೀದಿ ಇದೆ. ಎರಡೂ ಬದಿಗೆ ಕಲ್ಲುಕಂಬದ ಮಂಟಪಗಳ ಸಾಲು. ಇವು ವಿಜಯನಗರ ಕಾಲದವು, ಅನುಮಾನವಿಲ್ಲ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, 1520ರ ಆಸುಪಾಸು ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಬ್ಬರೂ ಈ ರಾಜಧಾನಿಯ ಬಜಾರುಗಳಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳ ಬಹಿರಂಗ ವ್ಯಾಪಾರ ನಡೆಯುತ್ತಿತ್ತು ಎಂದು ಬರೆದಿದ್ದಾರೆ. ನಾವು ಶಾಲೆಯಿಂದ ಕೇಳಿಕೊಂಡು ಬಂದ ‘ಸೇರಿನಲ್ಲಿ ಅಳೆದು’ ಎಂಬ ಭಾಗ ಆ ಬರಹಗಳಲ್ಲಿಲ್ಲ. ಅವರು ನೋಡಿದ್ದು ಒಂದೇ ಬೀದಿಯನ್ನೂ ಅಲ್ಲ, ಹಲವು ಪೇಟೆಗಳಿದ್ದ ಊರನ್ನು.

1565ರ ಯುದ್ಧದ ನಂತರ ರಾಜಧಾನಿ ಬರಿದಾಯಿತು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ. ದೇವಸ್ಥಾನ ಇದ್ದ ಮೇಲೆ ಜಾತ್ರೆ, ಜಾತ್ರೆ ಇದ್ದ ಮೇಲೆ ಅಂಗಡಿ. ಇಪ್ಪತ್ತನೇ ಶತಮಾನದಲ್ಲಿ ಕುಟುಂಬಗಳು ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ ವಾಸ ಮಾಡಿದವು, ಮುಂದೆ ಅಂಗಡಿ ಇಟ್ಟವು. ಬೆನ್ನಚೀಲದ ವಿದೇಶಿಯರು ಬರತೊಡಗಿದ ಮೇಲೆ ಇಡ್ಲಿ, ಮಿರ್ಚಿಯ ಪಕ್ಕ ಬಾಳೆಹಣ್ಣಿನ ಪ್ಯಾನ್‌ಕೇಕ್ ಕೂಡ ಮೆನುವಿಗೆ ಬಂತು. ದೇವಸ್ಥಾನದ ಬೀದಿಯಲ್ಲಿ ಮದ್ಯ, ಮಾಂಸ ಇರಲಿಲ್ಲ. ಅದು ಬೇಕಾದವರು ದೋಣಿ ಹತ್ತಿ ಹೊಳೆಯ ಆಚೆ, ಕೊಪ್ಪಳ ಜಿಲ್ಲೆಗೆ ಸೇರಿದ ವಿರೂಪಾಪುರ ಗಡ್ಡೆಗೆ ಹೋಗುತ್ತಿದ್ದರು. ಅಲ್ಲಿ ಹೀಬ್ರೂ ಬೋರ್ಡುಗಳೂ ಇದ್ದವು. ನಮ್ಮಲ್ಲಿ ಯೊಕೊಚೊಗೆ ಹತ್ತಿರದ್ದೇನಾದರೂ ಇದ್ದರೆ ಈ ಎರಡೇ.

2011ರ ಜುಲೈ ಕೊನೆಯಲ್ಲಿ ಜಿಲ್ಲಾಡಳಿತ ಬಜಾರನ್ನು ತೆರವು ಮಾಡಿತು. ಅಲ್ಲಿದ್ದದ್ದು 300ಕ್ಕೂ ಹೆಚ್ಚು ಕುಟುಂಬಗಳು. ಕಲ್ಲುಮಂಟಪಗಳು ಇವತ್ತಿಗೂ ನಿಂತಿವೆ. ಹೋದದ್ದು ಅವುಗಳೊಳಗಿನ ಗೋಡೆಗಳು, ಒಲೆಗಳು, ಜನ. ಅಂದರೆ ‘ಕೃಷ್ಣದೇವರಾಯನ ಬಜಾರು ಒಡೆದರು’ ಎನ್ನುವುದು ತಪ್ಪು. ಆದರೆ ‘ಬರೀ ಒತ್ತುವರಿ ತೆಗೆದರು’ ಎನ್ನುವುದೂ ನನಗೆ ಸರಿಯೆನಿಸುವುದಿಲ್ಲ. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಮಕ್ಕಳನ್ನು ಬೆಳೆಸಿದವರನ್ನು ಒಂದೇ ಪದದಲ್ಲಿ ಮುಗಿಸಿಬಿಡುವ ಮಾತು ಅದು. ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಹೋದದ್ದು 2020ರ ಮಾರ್ಚ್‌ನಲ್ಲಿ, ಅದಕ್ಕೂ ಹಿಂದಿನ ತಿಂಗಳು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದ ಮೇಲೆ.

ಯುನೆಸ್ಕೋ ಒಡೆಸಿತೇ? ಯಾವುದೇ ದೇಶದಲ್ಲಿ ಒಂದು ಗೋಡೆ ಕೆಡವಲೂ ಯುನೆಸ್ಕೋಗೆ ಅಧಿಕಾರವಿಲ್ಲ. ಹೆಚ್ಚೆಂದರೆ ಸ್ಮಾರಕವನ್ನು ‘ಅಪಾಯದಲ್ಲಿದೆ’ ಎಂಬ ಪಟ್ಟಿಗೆ ಹಾಕಬಹುದು, ಕೊನೆಗೆ ವಿಶ್ವ ಪರಂಪರೆ ಪಟ್ಟಿಯಿಂದಲೇ ತೆಗೆಯಬಹುದು. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ಕಣಿವೆಗೆ ಹಾಗಾಯಿತು, ಕಾರಣ ಒಂದು ಸೇತುವೆ. 1986ರಲ್ಲಿ ಪಟ್ಟಿ ಸೇರಿದ ಹಂಪಿಯೂ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. ಅದಕ್ಕೂ ಮುಖ್ಯ ಕಾರಣ ಆನೆಗೊಂದಿ ಕಡೆಯ ಸೇತುವೆ ಕಾಮಗಾರಿ, ಬಜಾರಿನ ಚಹಾ ಅಂಗಡಿಗಳಲ್ಲ. ತೆರವಿನ ನಿರ್ಧಾರ ನಮ್ಮದೇ ಕಾನೂನು, ನಮ್ಮದೇ ಕೋರ್ಟು, ನಮ್ಮದೇ ಆಡಳಿತದ್ದು.

ಜಪಾನಿನಲ್ಲೂ ಎಬ್ಬಿಸಿದ್ದರು

ಫಾರ್ವರ್ಡ್‌ಗಳಲ್ಲಿ ಎಲ್ಲೂ ಬಾರದ ಭಾಗ ಇದು. 1949ರಲ್ಲಿ ಟೋಕಿಯೊದ ಬೀದಿ ಅಂಗಡಿಗಳನ್ನೆಲ್ಲ ತೆರವು ಮಾಡಬೇಕೆಂದು, ಜಪಾನನ್ನು ಆಗ ಹಿಡಿತದಲ್ಲಿಟ್ಟುಕೊಂಡಿದ್ದ ಮಿತ್ರಪಡೆಗಳ ಆಡಳಿತ ಆದೇಶಿಸಿತು. ವ್ಯಾಪಾರಿಗಳು ಗುಂಪಾಗಿಯೇ ಬೇರೆ ಜಾಗಕ್ಕೆ ಹೋದರು. ಹಾಗೆ ಹೋದ ಜಾಗಗಳೇ ಇಂದು ಫೋಟೊಗಳಲ್ಲಿ ಮಿಂಚುವ ಶಿಂಜುಕುವಿನ ಗೋಲ್ಡನ್ ಗಾಯ್, ಶಿಬುಯಾದ ನೊನ್ಬೆಯ್ ಯೊಕೊಚೊ. ಗೋಲ್ಡನ್ ಗಾಯ್‌ನಲ್ಲಿ ಈಗ 200ಕ್ಕೂ ಹೆಚ್ಚು ಪುಟ್ಟ ಬಾರುಗಳಿವೆ. ಇವುಗಳನ್ನು ಸರ್ಕಾರ ಪರಂಪರೆ ಎಂದು ಕಾಪಾಡಿಕೊಂಡು ಬಂದದ್ದಲ್ಲ. ಒಂದೊಂದು ಗೂಡಿಗೂ ಒಬ್ಬೊಬ್ಬ ಮಾಲೀಕ, ಅವನ ಕೆಳಗೆ ಬಾಡಿಗೆದಾರ. ಅಷ್ಟೂ ಜನರನ್ನು ಒಪ್ಪಿಸಿ ಜಾಗ ಕೊಳ್ಳುವುದು ಬಿಲ್ಡರ್‌ಗಳಿಗೆ ಕಷ್ಟವಾಯಿತು. ಗಲ್ಲಿ ಉಳಿಯಲು ಅದೊಂದು ದೊಡ್ಡ ಕಾರಣ.

ಹೋಲಿಕೆ ಮಾಡುವುದಾದರೆ ಇಲ್ಲಿ ಮಾಡಬೇಕು. ಟೋಕಿಯೊದಲ್ಲಿ ಹೊಸ ಜಾಗ ಹಳೆಯ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು, ಗಿರಾಕಿ ಹಿಂದೆಯೇ ಬಂದ. ಹಂಪಿ ಬಜಾರಿನವರಿಗೆ ಪುನರ್ವಸತಿಗೆ ತೋರಿಸಿದ ಜಾಗ ಸುಮಾರು 4 ಕಿ.ಮೀ. ದೂರದ ಕಡ್ಡಿರಾಂಪುರದ ಬಳಿ. ತೆಂಗಿನಕಾಯಿ, ಬೊಂಬೆ, ಚಹಾ ಮಾರುವವರಿಗೆ ದೇವಸ್ಥಾನದಿಂದ 4 ಕಿ.ಮೀ. ಎಂದರೆ ಮನೆ ಸಿಕ್ಕರೂ ವ್ಯಾಪಾರ ಸಿಕ್ಕಂತಲ್ಲ.

ಹಳೆಯ ಗಲ್ಲಿ ಅಂದರೆ ಮನಸ್ಸು ಯಾಕೆ ಕರಗುತ್ತದೆ?

ಇಂಗ್ಲಿಷಿನ ‘ನಾಸ್ಟಾಲ್ಜಿಯಾ’ ಪದ ಹುಟ್ಟಿದ್ದು ಒಂದು ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ಊರು ಬಿಟ್ಟು ಸೊರಗುವವರ ತೊಂದರೆಗೆ ಈ ಹೆಸರಿಟ್ಟ. ಈಗ ಮನೋವಿಜ್ಞಾನಿಗಳು ಇದನ್ನು ರೋಗ ಎನ್ನುವುದಿಲ್ಲ. ಇನ್ನೊಂದು ಸಂಗತಿ ವಾಸನೆಯದು. ಕಣ್ಣು, ಕಿವಿಯ ಸಂಕೇತಗಳು ಮಿದುಳಿನ ಥಲಾಮಸ್ ಎಂಬ ಭಾಗದ ಮೂಲಕ ಹಾದುಹೋಗುತ್ತವೆ. ವಾಸನೆಗೆ ಆ ಸುತ್ತು ಬೇಕಿಲ್ಲ; ಭಾವನೆ ಮತ್ತು ನೆನಪಿನ ಭಾಗಗಳಿಗೆ ಅದರ ದಾರಿ ಹತ್ತಿರದ್ದು. ಮಿರ್ಚಿ ಕರಿಯುವ ಎಣ್ಣೆ, ಒಗ್ಗರಣೆ ಮಂಡಕ್ಕಿಯ ವಾಸನೆ ಇಪ್ಪತ್ತು ವರ್ಷದ ಹಿಂದಕ್ಕೆ ಎಳೆದೊಯ್ಯುವುದು ಇದಕ್ಕೇ. ಜೊತೆಗೆ, ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಉಳಿದೆಲ್ಲ ವಯಸ್ಸಿಗಿಂತ ಹೆಚ್ಚಾಗಿ ಉಳಿಯುತ್ತವೆ. ಹಾಗಾಗಿ ‘ನಮ್ಮ ಕಾಲದ ಹಂಪಿಯೇ ನಿಜವಾದ ಹಂಪಿ’ ಎಂದು ಅರವತ್ತರವರೂ ಹೇಳುತ್ತಾರೆ, ಮೂವತ್ತೈದರವರೂ ಹೇಳುತ್ತಾರೆ. ಫಾರ್ವರ್ಡ್ ಬರೆಯುವವರಿಗೆ ಇದು ಗೊತ್ತು.

ಎಐ ಚಿತ್ರಗಳೂ ಈಗ ಹೀಗೇ ಓಡಾಡುತ್ತವೆ. ‘ಹಳೆಯ ಹಂಪಿ ಬಜಾರ್’ ಚಿತ್ರ ಬಂದರೆ ಬೋರ್ಡುಗಳ ಕನ್ನಡ ಓದಲು ಪ್ರಯತ್ನಿಸಿ, ಒತ್ತಕ್ಷರಗಳು ಕಲಸಿಹೋಗಿದ್ದರೆ ಅನುಮಾನಿಸಿ. ಗೋಪುರ ಇರುವುದು ಬೀದಿಯ ಪಶ್ಚಿಮ ತುದಿಯಲ್ಲಿ, ಹಾಗಾಗಿ ಬೀದಿಯಿಂದ ನೋಡುವಾಗ ಅದರ ಹಿಂದೆ ಸೂರ್ಯ ಕಂಡರೆ ಅದು ಸಂಜೆ. ಕೆಳಗೆ ‘ಹಂಪಿಯ ಸೂರ್ಯೋದಯ’ ಎಂದು ಬರೆದಿದ್ದರೆ ಬರೆದವರು ಹಂಪಿಗೆ ಬಂದಿಲ್ಲ.

ಇನ್ನೂ ಇರುವ ಗಲ್ಲಿಗಳು

ಹೊಸಪೇಟೆ, ಸಂಡೂರು, ಕಂಪ್ಲಿಯ ಪೇಟೆಗಳಲ್ಲಿ ಸಂಜೆಯಾದರೆ ಮಂಡಕ್ಕಿ-ಮಿರ್ಚಿ ಬಂಡಿಗಳು, ಖಾನಾವಳಿಗಳು, ಚಹಾ ಗೂಡುಗಳು ಈಗಲೂ ತುಂಬುತ್ತವೆ. ಇವುಗಳ ಫೋಟೊವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ರಸ್ತೆ ಅಗಲೀಕರಣ ಬಂದರೆ ಮೊದಲು ಏಳುವವು ಮಾತ್ರ ಇವೇ.

ಹಂಪಿ ತೆರವಾದ ಮೂರು ವರ್ಷಕ್ಕೆ, 2014ರಲ್ಲಿ, ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ ಕೇಂದ್ರದ ಕಾಯ್ದೆ ಬಂತು. ಅದರ ಪ್ರಕಾರ ವ್ಯಾಪಾರಿಯನ್ನು ಸ್ಥಳಾಂತರಿಸುವ ಮುಂಚೆ 30 ದಿನಗಳ ನೋಟಿಸ್ ಕೊಡಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಂಶ ಅದರ ಎರಡನೇ ಅನುಸೂಚಿಯಲ್ಲಿದೆ: ಬೀದಿ ವ್ಯಾಪಾರಿಗಳು 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ಮಾಡಿಕೊಂಡು ಬಂದ ಸಹಜ ಮಾರುಕಟ್ಟೆಗಳನ್ನು ‘ಪಾರಂಪರಿಕ ಮಾರುಕಟ್ಟೆ’ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು. ಜಪಾನಿನ ಗಲ್ಲಿಗಳಿಗೂ ಸಿಗದ ರಕ್ಷಣೆ ಇದು, ಕಾಗದದ ಮೇಲಾದರೂ.

ಆದರೆ 50 ವರ್ಷ ಎಂದು ತೋರಿಸಲು ಏನಾದರೂ ಇರಬೇಕಲ್ಲ. ನೆಲಬಾಡಿಗೆಯ ಹಳೆಯ ರಸೀದಿ, ಅಪ್ಪನ ಕಾಲದ ಪರವಾನಗಿ ಚೀಟಿ, 1970ರ ದಶಕದ ಮದುವೆ ಆಲ್ಬಮ್‌ನಲ್ಲಿ ಮೆರವಣಿಗೆಯ ಹಿಂದೆ ಕಾಣುವ ಅದೇ ಅಂಗಡಿ ಸಾಲು. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥದ್ದೊಂದು ಇದ್ದರೆ ಹಿಂಬದಿಯ ದಿನಾಂಕವೂ ಕಾಣುವಂತೆ ಫೋಟೊ ತೆಗೆದು ಆ ಅಂಗಡಿಯವರಿಗೆ ಕಳುಹಿಸಿ.