ಓಡೋಕೆ ಫೋರ್ ವೀಲ್ ಡ್ರೈವ್, ನಿಲ್ಲೋಕೆ ಟೈರ್

ಮೊದಲೇ ಹೇಳಿಬಿಡ್ತೀನಿ, ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ. ಲೆಕ್ಕ ತಪ್ಪಿದ್ರೆ ಮಾತ್ರ ಬಿಡಬೇಡಿ, ಕ್ಯಾಂಟೀನಲ್ಲಿ ಹಿಡಿದು ಕೇಳಿ.

ವಿಷಯ ಟೈರ್. ನಮ್ಮ ಮನೆ ಮಹಾಲಕ್ಷ್ಮಿ ಲೇಔಟ್‌ನಲ್ಲಿ, ಆಂಜನೇಯ ದೇವಸ್ಥಾನದ ಕಡೆಯಿಂದ ಇಳಿದು ಬರೋ ಒಂದು ರಸ್ತೆಯಲ್ಲಿ. ಮನೇಲಿ ಇರೋದು 2015ರ ಡಸ್ಟರ್, ಆಲ್ ವೀಲ್ ಡ್ರೈವ್ ಮಾಡೆಲ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಕುರುಬರಹಳ್ಳಿ ಸಿಗ್ನಲ್‌ನಲ್ಲಿ ಕಾಯೋಕೆ ನಾಲ್ಕು ಚಕ್ರಕ್ಕೂ ಪವರ್ ಯಾಕೆ ಅಂತ ನೀವು ಕೇಳಬಹುದು. ನಮ್ಮ ಅಜ್ಜಿ ಮನೆ ಸಕಲೇಶಪುರದಾಚೆ, ಹೆತ್ತೂರು ಕಡೆ. ಟಾರ್ ರಸ್ತೆ ಮುಗಿದ ಮೇಲೆ ಇನ್ನೂ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಹಳೇ ಕಾರು ಅಲ್ಲಿ ಎರಡು ಸಲ ಹೂತುಕೊಂಡ ಮೇಲೆ ಅಪ್ಪ ಈ ಗಾಡಿ ತಂದ್ರು.

ಈ ವರ್ಷ ಟೈರ್ ಬದಲಾಯಿಸೋ ಮಾತು ಬಂತು. ನಾಲ್ಕಕ್ಕೆ ಮೂವತ್ತು ಸಾವಿರದ ಹತ್ತಿರ ಹೋಗುತ್ತೆ. ಅದೇ ತಿಂಗಳು ನನ್ನ ಕಾಲೇಜ್ ಫೀಸು. ಅಮ್ಮ, "ಇನ್ನೊಂದು ವರ್ಷ ಓಡಲ್ವಾ?" ಅಂದ್ರು. ಅಪ್ಪ, "ಮುಂದಿಂದು ಎರಡು ಹಾಕ್ಸೋಣ, ಹಿಂದಿಂದು ಬಟನ್ ಚೆನ್ನಾಗಿದೆ" ಅಂದ್ರು. ಊರಲ್ಲಿರೋ ದೊಡ್ಡಪ್ಪನ ಮಗ ಫೋನ್ ಮಾಡಿ, "ಹಾಕ್ಸಿದ್ರೆ ಆಲ್ ಟೆರೇನ್ ಹಾಕ್ಸಿ, ಇಲ್ಲಾಂದ್ರೆ ಈ ಗಾಡಿ ಯಾಕೆ ಇಟ್ಕೊಂಡಿದೀರ?" ಅಂದ. ನಾನು ಅವನ ಪಾರ್ಟಿ. ದಪ್ಪ ಬಟನ್ನಿನ ಟೈರ್ ಹಾಕಿದ ಡಸ್ಟರ್ ಫೋಟೋಗಳನ್ನ ಫೋನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದೆ. ಕಾರಣ ಕೇಳಿದ್ರೆ ಒಂದೇ: ನೋಡೋಕೆ ಸಖತ್ತಾಗಿರುತ್ತೆ.

ಹೀಗೆ ಚರ್ಚೆ ಮಾಡ್ತಾ ಜುಲೈ ಬಂತು. ಅಜ್ಜಿಯನ್ನ ಕಣ್ಣು ತೋರಿಸೋಕೆ ಬೆಂಗಳೂರಿಗೆ ಕರ್ಕೊಂಡು ಬರ್ತಿದ್ವಿ. ಸಕಲೇಶಪುರ ದಾಟಿ ಹಾಸನದ ಕಡೆ ಬರುವಾಗ ಜೋರು ಮಳೆ. ಅಜ್ಜಿ ಹೆದರಿದ್ದು ನೋಡಿ ಅಪ್ಪ, "ಫೋರ್ ವೀಲ್ ಡ್ರೈವ್ ಇದು, ಏನೂ ಆಗಲ್ಲ ಸುಮ್ನಿರಮ್ಮ" ಅಂದ್ರು. ಐದು ನಿಮಿಷ ಆಗಿರಲಿಲ್ಲ, ಒಂದು ತಿರುವಿನಾಚೆ ಲಾರಿ ನಿಂತಿತ್ತು. ಅಪ್ಪ ಬ್ರೇಕ್ ಒತ್ತಿದ್ರು. ಎಬಿಎಸ್ ಗರಗರ ಅಂತು, ಕಾರು ಮಾತ್ರ ಹೋಗ್ತಾನೇ ಇತ್ತು. ನಿಂತಾಗ ಲಾರಿಯ ಹಿಂದಿನ ನಂಬರ್ ಪ್ಲೇಟಿನ ಬೋಲ್ಟುಗಳು ನನಗೆ ಎಣಿಸೋಷ್ಟು ಹತ್ತಿರ ಕಾಣ್ತಿದ್ವು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೇಳಿದ್ರು, "ಇದು ನಿಲ್ಲಲ್ವೇನೋ ಮಗಾ?"

ಆ ಪ್ರಶ್ನೆಗೆ ಉತ್ತರ ಪಿಯುಸಿ ಫಿಸಿಕ್ಸಲ್ಲೇ ಇತ್ತು. ನಿಲ್ಲೋಕೆ ಬೇಕಾದ ದೂರ ಅಂದ್ರೆ ವೇಗದ ವರ್ಗವನ್ನ ಎರಡು ಪಟ್ಟು ಮ್ಯೂ ಜಿ ಇಂದ ಭಾಗಿಸಿದ್ದು. 80 ಕಿ.ಮೀ. ವೇಗದಲ್ಲಿ ಮ್ಯೂ 0.7 ಇದ್ರೆ ಸುಮಾರು 36 ಮೀಟರ್. ಮಳೆ ನೀರು, ಸವೆದ ಟೈರ್ ಸೇರಿ ಅದು 0.4ಕ್ಕೆ ಇಳೀತು ಅಂತ ಇಟ್ಕೊಳ್ಳಿ, 63 ಮೀಟರ್. ಆ ಫಾರ್ಮುಲಾ ಒಳಗೆ ಎಂಜಿನ್ ಪವರ್ ಎಷ್ಟು ಚಕ್ರಕ್ಕೆ ಹೋಗುತ್ತೆ ಅನ್ನೋದು ಎಲ್ಲೂ ಇಲ್ಲ. ಬ್ರೇಕ್ ಅಂತೂ ಎಲ್ಲಾ ಕಾರಲ್ಲೂ ನಾಲ್ಕು ಚಕ್ರಕ್ಕೂ ಬೀಳುತ್ತೆ, ನಮ್ಮದು ಸ್ಪೆಷಲ್ ಏನಲ್ಲ.

ನಿಜ ಹೇಳಬೇಕಂದ್ರೆ ಫೋರ್ ವೀಲ್ ಡ್ರೈವ್ ನಮಗೆ ಮೋಸಾನೂ ಮಾಡುತ್ತೆ. ಒದ್ದೆ ಏರಿನಲ್ಲಿ ಮಾಮೂಲಿ ಕಾರಿನ ಮುಂದಿನ ಚಕ್ರ ಸುಮ್ಮನೆ ಸುತ್ತುತ್ತೆ, ಡ್ರೈವರ್‌ಗೆ 'ರಸ್ತೆ ಜಾರ್ತಿದೆ' ಅಂತ ಗೊತ್ತಾಗುತ್ತೆ. ನಮ್ಮ ಗಾಡಿ ಹಿಂದಿನ ಚಕ್ರಕ್ಕೂ ಪವರ್ ಕಳಿಸಿ ಆರಾಮಾಗಿ ಹತ್ತಿಬಿಡುತ್ತೆ. ರಸ್ತೆ ಜಾರೋದು ಗೊತ್ತಾಗೋದು ಬ್ರೇಕ್ ಹಾಕಿದಾಗಲೇ. ಆಗ ಲೇಟಾಗಿರುತ್ತೆ.

ಮನೆಗೆ ಬಂದ ಮೇಲೆ ವರ್ನಿಯರ್ ಕ್ಯಾಲಿಪರ್ ತಗೊಂಡು ಕಾರಿನ ಹತ್ತಿರ ಕೂತೆ. ಅದರ ಹಿಂದಿನ ತುದಿಯಿಂದ ಆಳ ಅಳೆಯೋ ಕಡ್ಡಿ ಹೊರಗೆ ಬರುತ್ತಲ್ಲ, ಲ್ಯಾಬಲ್ಲಿ ಯಾವತ್ತೂ ಸರಿಯಾಗಿ ಬಳಸದೇ ಇರೋದು, ಅದನ್ನ ಟೈರಿನ ಕಾಲುವೆಗೆ ಇಳಿಸಿದೆ. ಮುಂದೆ 2.4 ಮಿ.ಮೀ., ಹಿಂದೆ 4.1. ನಮ್ಮ ಕಾನೂನಿನ ಪ್ರಕಾರ ಕಾರಿಗೆ 1.6 ಮಿ.ಮೀ. ಇದ್ರೆ ಸಾಕು. ಅಂದ್ರೆ ಲಾರಿ ಹಿಂದೆ ಜಾರಿದ ನಮ್ಮ ಟೈರ್ ಲೀಗಲ್ಲಾಗಿ ಪಾಸ್! ಟ್ರೆಡ್ ಇರೋದೇ ಅಡಿಯ ನೀರನ್ನ ಹೊರಗೆ ತಳ್ಳೋಕೆ. ಒಣ ರಸ್ತೆಯಲ್ಲಿ ಸವೆದ ಟೈರೂ ಚೆನ್ನಾಗೇ ಹಿಡಿಯುತ್ತೆ, ಅದಕ್ಕೇ ಬೇಸಿಗೆ ಪೂರ್ತಿ ನಮಗೆ ಅನುಮಾನ ಬರಲಿಲ್ಲ. ಪಾಸ್ ಮಾರ್ಕ್ಸ್‌ಗೂ ವಿಷಯ ಬರೋದಕ್ಕೂ ಇರೋ ವ್ಯತ್ಯಾಸ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನು ಅಪ್ಪನ ಎರಡು ಟೈರ್ ಪ್ಲಾನ್. ಬೇರೆ ಕಾರಿಗೆ ಅದು ನಡೆಯುತ್ತೆ, ನಮ್ಮ ಥರದ್ದಕ್ಕೆ ಕಷ್ಟ. ಸೈಜ್ 215/65 ಆರ್ 16. ಅಂದ್ರೆ ಅಗಲ 215 ಮಿ.ಮೀ., ಪಕ್ಕದ ಗೋಡೆ ಅದರ ಶೇ. 65, ರಿಮ್ 16 ಇಂಚು. ಲೆಕ್ಕ ಹಾಕಿದ್ರೆ ಹೊಸ ಟೈರಿನ ವ್ಯಾಸ ಸುಮಾರು 686 ಮಿ.ಮೀ. ಹೊಸದರ ಟ್ರೆಡ್ 8 ಮಿ.ಮೀ. ಅಂತ ಇಟ್ಕೊಂಡ್ರೆ ನಮ್ಮ ಹಿಂದಿನ ಟೈರಿನ ವ್ಯಾಸ 678. ಚಿಕ್ಕ ಚಕ್ರ ಹೆಚ್ಚು ಸುತ್ತಬೇಕು: ಕಿಲೋಮೀಟರಿಗೆ ಸುಮಾರು 5 ಸುತ್ತು ಜಾಸ್ತಿ. ಬೆಂಗಳೂರಿಂದ ಸಕಲೇಶಪುರ 220 ಕಿ.ಮೀ. ಹತ್ತಿರ. ಸಾವಿರಕ್ಕೂ ಹೆಚ್ಚು ಸುತ್ತು ಆಯ್ತು. ಟೈರ್ ಭಾರಕ್ಕೆ ಸ್ವಲ್ಪ ಅದುಮೋದರಿಂದ ನಿಜದಲ್ಲಿ ಇದು ಕಡಿಮೆ ಇರಬಹುದು, ಆದ್ರೆ ಸೊನ್ನೆ ಅಲ್ಲ. ಮುಂದಿನ, ಹಿಂದಿನ ಚಕ್ರಗಳನ್ನ ಜೋಡಿಸೋ ಕ್ಲಚ್ ಕಪ್ಲಿಂಗ್ ಈ ವ್ಯತ್ಯಾಸವನ್ನ ದಾರಿಯುದ್ದಕ್ಕೂ ನುಂಗಬೇಕು. ನಾಬ್ ಟೂ ವೀಲ್‌ನಲ್ಲಿದ್ರೆ ಪರವಾಗಿಲ್ಲ. ಆಟೋದಲ್ಲಿ ಕಂಪ್ಯೂಟರ್ ಚಕ್ರಗಳ ವೇಗ ಹೋಲಿಸಿಯೇ ಜಾರುತ್ತಿದೆಯಾ ಅಂತ ತೀರ್ಮಾನ ಮಾಡೋದು. ಲಾಕ್ ಹಾಕಿದ್ರಂತೂ ಎರಡೂ ಎಳೆದಾಡುತ್ತವೆ. ಎರಡು ಟೈರಿನ ದುಡ್ಡು ಉಳಿಸೋಕೆ ಹೋಗಿ ಅದಕ್ಕಿಂತ ದುಬಾರಿ ಪಾರ್ಟ್ ಸವೆಸಿದ ಹಾಗೆ.

ಕೊನೆಗೆ ನನ್ನ ಆಲ್ ಟೆರೇನ್ ಆಸೆ. ಅದು ಕೆಟ್ಟ ಟೈರ್ ಅಂತ ಹೇಳ್ತಿಲ್ಲ. ಬಟನ್ನುಗಳ ನಡುವೆ ಜಾಗ ಜಾಸ್ತಿ, ಕೆಸರು ಸಿಕ್ಕಿಕೊಳ್ಳದೆ ಉದುರುತ್ತೆ, ಚೂಪು ಕಲ್ಲಿಗೆ ಬೇಗ ಕುಯ್ಯಲ್ಲ. ದಿನಾ ತೋಟಕ್ಕೆ ಹೋಗೋ ನಮ್ಮಣ್ಣನಿಗೆ ಅದೇ ಸರಿ. ಆದ್ರೆ ಆ ಜಾಗ ಜಾಸ್ತಿ ಇರೋದ್ರಿಂದಲೇ ಟಾರ್ ಮೇಲೆ ತಾಗೋ ರಬ್ಬರ್ ಕಡಿಮೆ. ಸಾಮಾನ್ಯವಾಗಿ ಶಬ್ದ ಜಾಸ್ತಿ, ಡೀಸೆಲ್ ಸ್ವಲ್ಪ ಜಾಸ್ತಿ, ಒದ್ದೆ ಟಾರಲ್ಲಿ ಬ್ರೇಕ್ ಒಳ್ಳೇ ಹೈವೇ ಟೈರಿನಷ್ಟು ಇರಲ್ಲ. ನಮ್ಮ ಪ್ರಯಾಣ 222 ಕಿ.ಮೀ. ಅದ್ರಲ್ಲಿ ಮಣ್ಣು 2 ಕಿ.ಮೀ. ನೂರಕ್ಕೆ ಒಂದು ಭಾಗಕ್ಕೋಸ್ಕರ ಉಳಿದ ತೊಂಬತ್ತೊಂಬತ್ತನ್ನ ಬಿಟ್ಟುಕೊಡೋದು ಯಾವ ಎಂಜಿನಿಯರಿಂಗ್?

ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ: ಮಣ್ಣಲ್ಲಿ ಹೂತುಕೊಂಡ್ರೆ ದೊಡ್ಡಪ್ಪನ ಟ್ರ್ಯಾಕ್ಟರ್ ಬರುತ್ತೆ. ಹೈವೇನಲ್ಲಿ ನಿಲ್ಲದೇ ಹೋದ್ರೆ ಯಾವ ಟ್ರ್ಯಾಕ್ಟರ್ ಬಂದೂ ಪ್ರಯೋಜನ ಇಲ್ಲ.

ಅಪ್ಪ ಒಪ್ಪಿದ್ರು. ನಾಲ್ಕೂ ಹೈವೇ ಟೈರ್, ಒಂದೇ ಕಂಪನಿ, ಒಂದೇ ಪ್ಯಾಟರ್ನ್. ದುಡ್ಡು ಹೊಂದಿಸೋಕೆ ನನ್ನ ಹೊಸ ಲ್ಯಾಪ್‌ಟಾಪ್ ಮುಂದಿನ ವರ್ಷಕ್ಕೆ ಹೋಯ್ತು, ಹಳೇದರ ಫ್ಯಾನ್ ಈಗ್ಲೂ ಮಿಕ್ಸಿ ಥರ ಕೂಗ್ತಿದೆ. ಟೈರ್ ಅಂಗಡಿಯವರು ಅಪ್ಪನ ಜೊತೆ ಮಾತ್ರ ಮಾತಾಡ್ತಿದ್ರು, ನನಗೆ ಕೂರೋಕೆ ಸ್ಟೂಲ್ ಕೊಟ್ರು. ನಾನು ಎದ್ದು ಟೈರಿನ ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿದೆ. ಮೊದಲ ಎರಡು ತಯಾರಾದ ವಾರ, ಆಮೇಲಿನ ಎರಡು ವರ್ಷ. 1422 ಅಂದ್ರೆ 2022ರ 14ನೇ ವಾರ. ನಾಲ್ಕರಲ್ಲಿ ಎರಡು ಟೈರ್ ಉಳಿದೆರಡಕ್ಕಿಂತ ಎರಡು ವರ್ಷ ಹಳೇದು. "ಮೇಡಂ, ಗೋಡೌನಲ್ಲೇ ಇತ್ತು, ಓಡಿಲ್ಲ" ಅಂದ್ರು. ರಬ್ಬರ್ ಗೋಡೌನಲ್ಲೂ ವಯಸ್ಸಾಗುತ್ತೆ ಅಂದೆ. ಬದಲಾಯಿಸಿ ಕೊಟ್ರು. ಆಮೇಲೆ ನನ್ನ ಹತ್ತಿರಾನೂ ಮಾತಾಡಿದ್ರು.

ನಮ್ಮಲ್ಲಿ 2022ರ ಅಕ್ಟೋಬರ್‌ನಿಂದ ಹೊಸ ವಿನ್ಯಾಸದ ಕಾರ್ ಟೈರ್‌ಗಳಿಗೆ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ, ಶಬ್ದ ಮೂರಕ್ಕೂ ಕಡ್ಡಾಯ ಮಾನದಂಡ ಬಂದಿದೆ. ಒಳ್ಳೇದೇ. ಆದ್ರೆ ಮಾನದಂಡ ಹೊಸ ಟೈರಿಗೆ. ಓಡಿ ಓಡಿ ಸವೆದಿದ್ದನ್ನ ನೋಡಬೇಕಾದವರು ನಾವೇ.

ಆಗಸ್ಟಲ್ಲಿ ಅಜ್ಜಿಯನ್ನ ವಾಪಸ್ ಬಿಡೋಕೆ ಹೋದ್ವಿ. ಸುಳ್ಳು ಹೇಳಲ್ಲ, ಮಣ್ಣಿನ ದಾರೀಲಿ ಒಂದು ಕಡೆ ಕಾರು ಹೂತಿತು. ಲಾಕ್ ಹಾಕಿದ್ರೂ ಬರಲಿಲ್ಲ. ಟ್ರ್ಯಾಕ್ಟರ್ ಬಂತು, ಅಣ್ಣ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ. ಹಾಕ್ಲಿ. ಅದಕ್ಕಿಂತ ಮೊದಲು ಅದೇ ಹೈವೇನಲ್ಲಿ, ಅದೇ ಥರದ ಮಳೇಲಿ, ಅಪ್ಪ ಎರಡು ಸಲ ಜೋರಾಗಿ ಬ್ರೇಕ್ ಹಾಕಬೇಕಾಯ್ತು. ಹಿಂದಿನ ಸೀಟಲ್ಲಿ ಅಜ್ಜಿ ನಿದ್ದೆ ಮಾಡ್ತಿದ್ರು, ಎದ್ದೇಳಲಿಲ್ಲ.

ನಮ್ಮ ಕ್ಯಾಂಪಸ್ ಪಾರ್ಕಿಂಗಲ್ಲಿ ದಪ್ಪ ಟೈರಿನ ಥಾರ್‌ಗಳಿವೆ, ನುಣ್ಣಗಾದ ಟೈರಿನ ಬೈಕ್‌ಗಳೂ ಇವೆ. ಎರಡರ ಓನರ್‌ಗಳೂ ಫಸ್ಟ್ ಇಯರಲ್ಲಿ ಫ್ರಿಕ್ಷನ್ ಪ್ರಾಬ್ಲಂ ಬಿಡಿಸಿ ಪಾಸಾದವರೇ. ಇವತ್ತು ಮನೆಗೆ ಹೋಗೋ ಮುಂಚೆ ಒಂದ್ಸಲ ಬಗ್ಗಿ ನೋಡಿ. ಎರಡು ನಿಮಿಷ ಸಾಕು. ವರ್ನಿಯರ್ ಬೇಕಾದ್ರೆ ನನ್ನ ಹತ್ತಿರ ಇದೆ.