ಮೊದಲ ಪುಟ ಸರಿಯಿದ್ದರೆ

ಮಕ್ಕಳೇ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿನಲ್ಲೇ ಬಾಳಿದ ನಮ್ಮಕ್ಕನಿಗೆ ಈಗ ಕಿವಿ ಮಂದ. ಟಿವಿ ಮುಂದೆ “ಏನಂದ್ರು?” ಎಂದು ಎರಡು ಸಲ ಕೇಳುತ್ತಾಳೆ, ಮೂರನೆಯ ಸಲಕ್ಕೆ ಸುಮ್ಮನಾಗುತ್ತಾಳೆ. ಅವಳಿಗಾಗಿ ನನ್ನ ಮೊಮ್ಮಗಳು ತನ್ನ ಶಾಲೆಯ ನಾಟಕದ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಹಾಕುತ್ತಿದ್ದಾಳೆ.

ಬ್ಯಾಂಕಿನಲ್ಲಿ ಲೆಡ್ಜರ್ ತೆರೆದರೆ ಮೊದಲು ತಲೆಬರಹ ನೋಡುತ್ತಿದ್ದೆವು. ಇಲ್ಲೂ ಹಾಗೇ, ಮೊದಲ ಸಾಲು ಟೈಪು ಮಾಡುವ ಮುನ್ನ ಸೆಟ್ಟಿಂಗ್ಸ್ ನೋಡಬೇಕು.

ಒಂದು, ಫ್ರೇಮ್ ರೇಟ್. ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ. ಸಿನಿಮಾಕ್ಕೆ ಸಾಮಾನ್ಯವಾಗಿ 24, ನಮ್ಮ ಟಿವಿಗೆ 25. ಕೆಲವು ಸಬ್‌ಟೈಟಲ್ ಫೈಲುಗಳು ಗಡಿಯಾರ ನೋಡುವುದಿಲ್ಲ, ಚಿತ್ರಗಳನ್ನೇ ಎಣಿಸುತ್ತವೆ. 25ರ ವಿಡಿಯೊಗೆ 24 ಎಂದು ನಮೂದಿಸಿದರೆ ಗಂಟೆಗೆ 3,600 ಚಿತ್ರಗಳ ವ್ಯತ್ಯಾಸ. ಅದನ್ನು 25ರಿಂದ ಭಾಗಿಸಿ: 144 ಸೆಕೆಂಡು! ಗಂಟೆಯ ಕೊನೆಗೆ, ರಾಜ ಬಾಯಿ ತೆರೆಯುವ 2 ನಿಮಿಷ 24 ಸೆಕೆಂಡು ಮೊದಲೇ ಅವನ ಮಾತು ಪರದೆಗೆ ಬಂದಿರುತ್ತದೆ.

ಎರಡು, ಫೈಲನ್ನು ಯುಟಿಎಫ್-8 ಎಂದು ಉಳಿಸಬೇಕು. ಇಲ್ಲದಿದ್ದರೆ ಕನ್ನಡದ ಬದಲು ಪ್ರಶ್ನೆ ಚಿಹ್ನೆಗಳ ಸಾಲು ಬರಬಹುದು.

ಮೂರು, ಸಾಲುಗಳ ನಡುವಿನ ಜಾಗ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಸಾಕಾಗುವ ಜಾಗ ‘ರಾಷ್ಟ್ರ’ಕ್ಕೆ ಸಾಲದು. ಒಮ್ಮೆಗೆ ಎರಡೇ ಸಾಲು ಇರಲಿ.

ಮೊದಲ ಮಾತು ಹೊಂದಿತೆಂದು ಬೀಗಬೇಡಿ. ವ್ಯತ್ಯಾಸ ಬಡ್ಡಿಯ ಹಾಗೆ ಹೊತ್ತು ಕಳೆದಂತೆ ಬೆಳೆಯುತ್ತದೆ. ಕೊನೆಯ ಮಾತನ್ನೂ ತಾಳೆ ನೋಡಿ. ಆಮೇಲೆ ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೂರಿಸಿ ಓದಿಸಿ. ಅವರು ಓದಿ ಮುಗಿಸುವಷ್ಟರಲ್ಲಿ ಸಾಲು ಮಾಯವಾದರೆ, ಇನ್ನಷ್ಟು ಹೊತ್ತು ನಿಲ್ಲಿಸಿ.